ಹಿಮವೋ ಧೂಳೋ

ಮೊನ್ನೆ ತಂಗಿಯ ಮಗಳ ಮದುವೆ ಕಾಗದ ಮಾಡಿಸಲೆಂದು ಕಾರ್ಕಳದ ಒಂದು ಪ್ರೆಸ್ಸಿಗೆ ಹೋಗಿದ್ದೆ. ಈಗಿನ ಪ್ರೆಸ್ಸುಗಳಲ್ಲಿ ಪ್ರೆಸ್ಸಿನ ವಾಸನೆಯೇ ಇರುವುದಿಲ್ಲ. ಎಸಿ ಕೋಣೆ, ಸಾಲಾಗಿ ಕಂಪ್ಯೂಟರುಗಳು, ಬ್ಯಾಂಕಿಗೆ ಬಂದ ಹಾಗಾಗುತ್ತದೆ. ಆದರೆ ಹಿಂಬದಿಯ ಶೆಡ್ಡಿನಲ್ಲಿ ಯಾರೋ ಹಳೆಯ ಮಷೀನಿನ ರೋಲರನ್ನು ಸೀಮೆಎಣ್ಣೆ ಹಾಕಿ ಒರೆಸುತ್ತಿದ್ದರು. ಸೀಮೆಎಣ್ಣೆಯೂ ಇಂಕೂ ಕಲೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮದುವೆ ಕಾಗದ ಮರೆತೇಹೋಯಿತು. ಕುವೈತಿನ ಸಬ್ಹಾನ್, ತೊಂಬತ್ತನೇ ಇಸವಿಯ ಜುಲೈ, ಲೈಟ್ ಟೇಬಲ್ಲಿನ ಮೇಲೆ ಬಗ್ಗಿ ಕೂತ ಸಾಲು ಪೊರ್ಬುಗಳ ಬೋಳು ನೆತ್ತಿ, ಎಲ್ಲ ಒಟ್ಟಿಗೆ ಕಣ್ಣೆದುರು ಬಂದು ನಿಂತವು. ಕೌಂಟರಿನ ಹುಡುಗಿ "ಯಾವ ಡಿಸೈನ್ ಅಂಕಲ್?" ಎಂದು ಮತ್ತೆ ಮತ್ತೆ ಕೇಳಿದಳಂತೆ. ನನಗೆ ಕೇಳಿಸಿದರಲ್ಲವೇ!

ಸಾಲ್ವದೋರ್ ಫೆರ್ನಾಂಡಿಸ್ ಎಂಬುದು ಅವರ ಇಕಾಮಾದಲ್ಲಿ, ಎಂದರೆ ಅಲ್ಲಿನ ವಾಸದ ಪರವಾನಗಿಯಲ್ಲಿ, ಇದ್ದ ಹೆಸರು. ಹೊನ್ನಾವರದ ಕಡೆಯ ಕ್ರಿಶ್ಚಿಯನ್ನರು. ನಮ್ಮ ತುಳುನಾಡಿನಲ್ಲಿ ಅವರನ್ನು ಪೊರ್ಬುಗಳು ಎಂದು ಗೌರವದಿಂದ ಕರೆಯುವ ರೂಢಿ, ಹಾಗಾಗಿ ನನ್ನ ಬಾಯಲ್ಲಿ ಅವರು ಸಾಲು ಪೊರ್ಬುಗಳಾದರು. ಅವರಿಗೆ ತುಳು ಬಾರದು, ನನಗೆ ಕೊಂಕಣಿ ಬಾರದು. ಆದ್ದರಿಂದ ನಮ್ಮಿಬ್ಬರ ನಡುವೆ ಕನ್ನಡ. ನನಗಾಗ ಮದುವೆಯಾಗಿರಲಿಲ್ಲ. ಖೈತಾನಿನಲ್ಲಿ ಅವರ ಫ್ಲಾಟಿನ ಒಂದು ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಅವರ ಹೆಂಡತಿ ಸೆವ್ರಿನ್ ಬಾಯಿ ಆಸ್ಪತ್ರೆಯಲ್ಲಿ ನರ್ಸ್. ಬಾಡಿಗೆದಾರನಿಗೆ ಊಟ ಹಾಕುವುದು ಕರಾರಿನಲ್ಲಿ ಇರಲಿಲ್ಲ. ಆದರೆ ಅವರ ಮನೆಯಲ್ಲಿ ಬಂಗುಡೆ ಸಾರು ಕುದಿಯುವಾಗ ನನ್ನ ಕೋಣೆಯ ಬಾಗಿಲು ತಟ್ಟದೆ ಇದ್ದ ದಿನ ನನಗೆ ನೆನಪಿಲ್ಲ.

ಸಬ್ಹಾನಿನ ಆ ಪ್ರೆಸ್ಸಿನಲ್ಲಿ ನಾನು ಆಫ್‌ಸೆಟ್ ಮಷೀನ್ ಓಡಿಸುವವ. ಪೊರ್ಬುಗಳ ಕೆಲಸ ಅದಕ್ಕಿಂತ ಮೊದಲಿನದು. ಚಿತ್ರದ ಫಿಲಂಗಳನ್ನು ಅಡಿಯಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಹಾಸಿ, ಭೂತಗನ್ನಡಿ ಹಿಡಿದು ನೋಡುವುದು. ಫಿಲಂ ತಯಾರಾಗುವಾಗ ಧೂಳು ಕೂತರೆ ಅಲ್ಲೊಂದು ಸೂಜಿಮೊನೆಯಷ್ಟು ತೂತು ಉಳಿಯುತ್ತದೆ, ಅದು ಅಚ್ಚಿನಲ್ಲಿ ಬಿಳಿ ಚುಕ್ಕೆಯಾಗಿ ಬೀಳುತ್ತದೆ. ಸಣ್ಣ ಬ್ರಶ್ಶಿನಿಂದ ಅಂಥ ತೂತುಗಳಿಗೆ ಕಂದು ಬಣ್ಣದ ಲೇಪ ಮುಟ್ಟಿಸಿ ಮುಚ್ಚುವುದೇ ಅವರ ಕೆಲಸ. ಕುವೈತಿನಲ್ಲಿ ಧೂಳಿನ ವಿರುದ್ಧ ಯುದ್ಧವೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ತೋಜ್ ಎಂದು ಅರಬರು ಕರೆಯುವ ಆ ಧೂಳುಗಾಳಿ ಎದ್ದರೆ ಮುಚ್ಚಿದ ಡಬ್ಬಿಯೊಳಗಿನ ಅವಲಕ್ಕಿಯೂ ಹಲ್ಲಿಗೆ ಕಚಕಚ ಅನ್ನುತ್ತಿತ್ತು. ಆದರೂ ಪೊರ್ಬುಗಳ ಕೈ ದಾಟಿ ಬಂದ ಫಿಲಂನಿಂದ ಒಂದು ಬಿಳಿ ಚುಕ್ಕೆ ಅಚ್ಚಾದದ್ದಿಲ್ಲ. ಮುಂಬಯಿಯಲ್ಲಿ ಕಲಿತ ವಿದ್ಯೆ, ಅದೇ ಅವರ ಮಾನ, ಅದೇ ಅವರ ಬಿರುದು.

ಆ ಬೇಸಿಗೆಯಲ್ಲಿ ಒಂದು ಜಪಾನಿ ಎಸಿ ಕಂಪೆನಿಯ ಆಫೀಸಿನಿಂದ ಮುಂದಿನ ವರ್ಷದ ಕ್ಯಾಲೆಂಡರಿಗೆ ಆರ್ಡರ್ ಬಂತು. ಅಲ್ಲಿನ ದೊಡ್ಡವರ ಹೆಸರು ಓಕಾ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಪ್ರೂಫಿಗೆ ಸೈನ್ ಹಾಕಬೇಕಾದವರ ಹೆಸರೇ ಓಕಾ ಎಂದ ಮೇಲೆ ಕೇಳಬೇಕೇ? "ಓಕಾ ಓಕೆ ಅಂದ್ರೆ ಓಕೆ" ಎಂದು ನಾವು ನಗಾಡಿದ್ದೇ ನಗಾಡಿದ್ದು. ಎರಡೆರಡು ತಿಂಗಳಿಗೆ ಒಂದು ಹಾಳೆ, ಹಾಳೆಗೊಂದು ಹಿಮದ ಚಿತ್ರ. ಜಪಾನಿನ ಹಿಂದಿನವರು ಮರದ ಹಲಗೆಯಲ್ಲಿ ಕೆತ್ತಿ, ಬಣ್ಣಕ್ಕೊಂದು ಹಲಗೆ ಮಾಡಿ, ಒಂದೇ ಕಾಗದದ ಮೇಲೆ ಒಂದಾದ ಮೇಲೊಂದು ಒತ್ತಿ ತೆಗೆದ ಚಿತ್ರಗಳು ಅವು. ಐವತ್ತು ಡಿಗ್ರಿ ಸೆಕೆಯಲ್ಲಿ ಗೋಡೆ ನೋಡಿದರೆ ಕಣ್ಣಿಗಾದರೂ ತಂಪಾಗಲಿ, ಎಸಿಯ ನೆನಪಾಗಲಿ ಎಂಬುದು ಓಕಾ ಅವರ ಲೆಕ್ಕಾಚಾರ. ಒಳ್ಳೆಯ ವ್ಯಾಪಾರಿ ಬುದ್ಧಿಯೇ ಎನ್ನಿ.

ಜನವರಿಯ ಹಾಳೆಯಲ್ಲಿ ಒಂದು ಮರದ ಸೇತುವೆ, ಕಾಗದದ ಕೊಡೆ ಹಿಡಿದು ಅದನ್ನು ದಾಟುತ್ತಿರುವ ಒಬ್ಬ ಹೆಂಗಸು, ಆಚೆ ದಡದಲ್ಲಿ ದೀಪ ಹೊತ್ತಿದ ಒಂದು ಮನೆ, ಮೇಲೆ ಕಪ್ಪಿಗೆ ತಿರುಗಿದ ಆಕಾಶ. ಪೊರ್ಬುಗಳು ಬಣ್ಣದ ಚಿತ್ರವನ್ನು ನೋಡಿರಲಿಲ್ಲ, ಅದು ಹಿಮದ ಚಿತ್ರವೆಂದು ಆಗ ನಮಗೆ ಯಾರೂ ಹೇಳಿರಲೂ ಇಲ್ಲ. ಅವರ ಮೇಜಿಗೆ ಬಂದದ್ದು ಬಣ್ಣಗಳನ್ನು ಬೇರ್ಪಡಿಸಿ ವಿದೇಶದಲ್ಲಿ ತಯಾರಿಸಿದ ಕಪ್ಪು ಫಿಲಂಗಳು. ಭೂತಗನ್ನಡಿ ಇಟ್ಟವರೇ ಅವರು ತಲೆಗೆ ಕೈ ಹೊತ್ತರು.

"ಬಂಗೇರಾ, ಜಪಾನಿನವರು ಇಷ್ಟು ಗಲೀಜು ಕೆಲಸ ಮಾಡ್ತಾರೆ ಅಂತ ಗೊತ್ತಿರ್ಲಿಲ್ಲ ಮಾರಾಯಾ. ಆಕಾಶದ ತುಂಬಾ ಧೂಳು!"

ನಾನೂ ಬಗ್ಗಿ ನೋಡಿದೆ. ಹೌದು, ಧೂಳೇ. ಕರಾವಳಿಯಲ್ಲಿ ಹುಟ್ಟಿ ಮರಳುಗಾಡಿನಲ್ಲಿ ದುಡಿಯುವ ಇಬ್ಬರಿಗೆ ಬಿಳಿ ಚುಕ್ಕೆಯೆಂದರೆ ಇನ್ನೇನಾಗಿರಲು ಸಾಧ್ಯ? ಪೊರ್ಬುಗಳು ವಾರವಿಡೀ ಕಣ್ಣಲ್ಲಿ ಕಣ್ಣಿಟ್ಟು, ಟೀ ಕೂಡ ಬೇಡವೆಂದು, ಒಂದೊಂದೇ ಚುಕ್ಕೆಯನ್ನು ಮುಚ್ಚಿದರು. ನಾನು ಪ್ರೂಫ್ ತೆಗೆದಾಗ ಆಕಾಶ ಆಗಷ್ಟೇ ಒರೆಸಿಟ್ಟ ಗಾಜಿನ ಹಾಗಿತ್ತು. ಎಲ್ಲದರಲ್ಲೂ ಹುಳುಕು ಹುಡುಕುವ ಮುದೀರ್, ಎಂದರೆ ನಮ್ಮ ಜೋರ್ಡಾನಿ ಮ್ಯಾನೇಜರ್, ಅವನೂ ಅಂದು "ಮುಮ್ತಾಜ್", ಬಹಳ ಚೆನ್ನಾಗಿದೆ, ಎಂದು ಬೆನ್ನು ತಟ್ಟಿದ.

ಓಕಾ ಬಂದರು. ಹಾಳೆಯನ್ನು ನೋಡಿದರು, ನೋಡುತ್ತಲೇ ಇದ್ದರು. ಆಮೇಲೆ ನಿಧಾನವಾದ ತಮ್ಮ ಇಂಗ್ಲಿಷಿನಲ್ಲಿ, "ಮಳೆ ಮೋಡ ಎಲ್ಲ ಹೋಗಿ ಹವೆ ಬಹಳ ಚೆನ್ನಾಗಿದೆ. ಈಕೆ ಕೊಡೆ ಹಿಡಿದದ್ದು ಯಾಕೆ?" ಎಂದು ಕೇಳಿದರು. ನಮಗೆ ಅರ್ಥವಾಗಲಿಲ್ಲ. ಅವರು ಚೀಲದಿಂದ ಒಂದು ಪುಸ್ತಕ ತೆಗೆದು ಅದೇ ಚಿತ್ರವಿದ್ದ ಪುಟ ಬಿಡಿಸಿ ಮೇಜಿನ ಮೇಲಿಟ್ಟರು. ಅದರಲ್ಲಿ ಆಕಾಶದಿಂದ ಸೇತುವೆಯವರೆಗೆ ಬಿಳಿಬಿಳಿಯಾಗಿ ಹಿಮ ಬೀಳುತ್ತಿತ್ತು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಹಿಮದ ಕ್ಯಾಲೆಂಡರಿನಿಂದ ಹಿಮವನ್ನೇ ಗುಡಿಸಿ ಹಾಕಿದ್ದೆವು. ನನಗೆ ನಗು ತಡೆಯಲಾಗಲಿಲ್ಲ, ಪೊರ್ಬುಗಳ ಮುಖ ನೋಡಿ ನಗು ಅಲ್ಲೇ ಇಂಗಿತು. ಮುದೀರ್ ಕೆಂಪಾಗಿ, ಓಕಾ ಸೈನ್ ಹಾಕದಿದ್ದರೆ ಸಾಲ್ವದೋರ್ ಖಲಾಸ್, ಇಕಾಮಾ ಕ್ಯಾನ್ಸಲ್, ಊರಿಗೆ ಟಿಕೆಟ್ ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ಅಂದು ಕಂಪೆನಿ ಬಸ್ಸಿನಲ್ಲಿ ಖೈತಾನಿಗೆ ಮರಳುವಾಗ ಪೊರ್ಬುಗಳು ಇಕಾಮಾದ ಮಾತನ್ನೇ ಎತ್ತಲಿಲ್ಲ.

"ಊರಿಗೆ ಹೋಗೂಕೆ ಹೆದ್ರಿಕೆ ಇಲ್ಲ ಬಂಗೇರಾ. ಆದ್ರೆ ಇಷ್ಟು ವರ್ಷ ಕೆಲ್ಸ ಮಾಡಿ, ಕಡೆಗೆ ಆ ಮನುಷ್ಯನ ಊರಿನ ಹಿಮವನ್ನು ಧೂಳು ಅಂದವ ಅಂತ ಹೆಸ್ರು ತಗೊಂಡು ಹೋಗೂಕೆ ಆಗ್ತದ್ಯಾ?" ಎಂದರು.

ಹೊಸ ಫಿಲಂ ತರಿಸಲು ಸಮಯವಿರಲಿಲ್ಲ. ಲೇಪವೇನೋ ಒದ್ದೆ ಹತ್ತಿಯಲ್ಲಿ ಒರೆಸಿದರೆ ಹೋಗುತ್ತದೆ. ಪೊರ್ಬುಗಳು ಒರೆಸಿದರು. ಚುಕ್ಕೆಗಳೆಲ್ಲ ಮರಳಿ ಬಂದವು, ಹಿಮದ ಜೊತೆಗೆ ನಿಜವಾದ ಧೂಳೂ ಬಂತು! ಯಾವುದು ಹಿಮ, ಯಾವುದು ಧೂಳು? ಪುಸ್ತಕದ ಚಿತ್ರ ಸಣ್ಣದು, ಅದನ್ನು ನೋಡಿ ಪೂರ್ತಿ ಬಗೆಹರಿಯದು. ಆಗ ಓಕಾ ಯಾರೂ ನಿರೀಕ್ಷಿಸದ ಒಂದು ಕೆಲಸ ಮಾಡಿದರು. ಮಧ್ಯಾಹ್ನ ತಮ್ಮ ಆಫೀಸು ಮುಚ್ಚಿದ ಮೇಲೆ ಸಬ್ಹಾನಿಗೆ ಬಂದು, ಟೈ ಸಡಿಲಿಸಿ, ಪೊರ್ಬುಗಳ ಪಕ್ಕ ಸ್ಟೂಲು ಎಳೆದು ಕೂತರು. ದುಬಾಷಿಯಾಗಿ ನಾನು.

ಪೊರ್ಬುಗಳು ಬ್ರಶ್ಶಿನ ತುದಿಯಿಂದ ಒಂದು ಚುಕ್ಕೆ ತೋರಿಸುವುದು. ಓಕಾ ಪುಸ್ತಕ ನೋಡಿ, ಫಿಲಂ ನೋಡಿ, ಕಣ್ಣು ಮುಚ್ಚಿ ಒಂದು ಗಳಿಗೆ ಯೋಚಿಸುವುದು. ಅದು ಹಿಮವಾಗಿದ್ದರೆ ಇಂಗ್ಲಿಷಿನಲ್ಲಿ ಇರಲಿ ಎನ್ನುವುದು, ನಾನು "ಬಿಡಿ" ಎನ್ನುವುದು. ಧೂಳಾಗಿದ್ದರೆ "ತೆಗೀರಿ". ಬಿಡಿ, ಬಿಡಿ, ತೆಗೀರಿ, ಬಿಡಿ. ದೇವಸ್ಥಾನದಲ್ಲಿ ಅರ್ಚನೆಗೆ ಹೆಸರು ಹೇಳಿದ ಹಾಗೆ ಸಾಗುತ್ತಿತ್ತು. ಮಾರನೆಯ ಮಧ್ಯಾಹ್ನಕ್ಕಾಗಲೇ ಓಕಾ ನನ್ನನ್ನು ಕಾಯದೆ ತಾವೇ "ಬಿಡಿ" ಎನ್ನತೊಡಗಿದರು. ತೆಗೀರಿ ಮಾತ್ರ ಅವರ ನಾಲಿಗೆಗೆ ಹೊರಳಲಿಲ್ಲ, ಅದಕ್ಕೆ ತಲೆ ಅಲ್ಲಾಡಿಸುತ್ತಿದ್ದರು.

ನಡುವೆ ಚಹಾ ಕುಡಿಯುವಾಗ ಮಾತು ಬರುತ್ತಿತ್ತು. ಅವರು ಹಿಮದ ನಾಡಿನಲ್ಲೇ ಹುಟ್ಟಿದವರು. ಚಳಿಗಾಲದಲ್ಲಿ ಅವರ ತಾಯಿ ಬಾಗಿಲು ತೆರೆಯಬೇಕಾದರೆ ಮೊದಲು ಸಲಿಕೆ ಹುಡುಕಬೇಕಿತ್ತಂತೆ. ಈ ಚಿತ್ರಗಳಲ್ಲಿ ಹಿಮಕ್ಕೆಂದು ಬಣ್ಣವೇ ಇಲ್ಲ ಎಂದು ಅವರು ವಿವರಿಸಿದರು. ಆಕಾಶದ ಹಲಗೆಯಲ್ಲಿ ಹಿಮ ಇರಬೇಕಾದಷ್ಟು ಜಾಗವನ್ನು ತೋಡಿ ತೆಗೆಯುತ್ತಾರೆ, ಅಲ್ಲಿಗೆ ಬಣ್ಣ ಹತ್ತುವುದಿಲ್ಲ. ಹತ್ತದೆ ಉಳಿದ ಕಾಗದವೇ ಹಿಮ. ಇದನ್ನು ಪೊರ್ಬುಗಳಿಗೆ ಹೇಗೆ ಹೇಳುವುದೆಂದು ಒದ್ದಾಡಿ, ಕಡೆಗೆ, "ಹಿಮವನ್ನು ಬಿಡಿಸುವುದಲ್ಲವಂತೆ ಪೊರ್ಬುಗಳೇ, ಬಿಡುವುದಂತೆ" ಎಂದೆ. ಪೊರ್ಬುಗಳು ಬ್ರಶ್ ಕೆಳಗಿಟ್ಟರು.

"ನಾನು ಜೀವಮಾನ ಇಡೀ ಮುಚ್ಚಿದ್ದೇ ಅಲ್ವಾ ಬಂಗೇರಾ. ಬಿಡೂಕೆ ಯಾರೂ ಹೇಳಿಕೊಡ್ಲಿಲ್ಲ."

ಇನ್ನು ಕೆಲವು ಚಿತ್ರಗಳಲ್ಲಿ ಅಚ್ಚಾದ ಮೇಲೆ ಚಿಪ್ಪು ಅರೆದು ಮಾಡಿದ ಬಿಳಿಯನ್ನು ಬ್ರಶ್ಶಿನಲ್ಲಿ ಅದ್ದಿ ಸಿಡಿಸುತ್ತಾರಂತೆ. ಎಲ್ಲಿ ಬೀಳುತ್ತದೋ ಅಲ್ಲಿ ಹಿಮ, ಒಂದು ಹಾಳೆಯ ಹಾಗೆ ಇನ್ನೊಂದಿಲ್ಲ. ಇದನ್ನು ಕೇಳಿ ಪೊರ್ಬುಗಳಿಗೆ ಖುಷಿಯೋ ಖುಷಿ. "ಚಿಪ್ಪಿನ ಬಿಳಿ ಅಂದ್ರೆ ನಮ್ಮ ಎಲೆಯಡಿಕೆಯ ಸುಣ್ಣವೇ ಆಯ್ತಲ್ಲ! ನಮ್ಮ ಅಜ್ಜಿ ಗೋಡೆಗೆ ಎಷ್ಟು ಹಿಮ ಸಿಡಿಸಿದ್ದಾಳೆ ಅಂತ ಇವ್ರಿಗೆ ಹೇಳು." ನಾನು ಹೇಳಿದೆ. ಮಾತು ಕಡಿಮೆಯ ಓಕಾ ಅಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಜುಲೈ ಮುಗಿಯುವಾಗ ಫಿಲಂ ಸಿದ್ಧವಾಯಿತು. ಆಗಸ್ಟ್ ಒಂದರಂದು ನಾನು ಜನವರಿಯ ಹಾಳೆಯ ಪ್ರೂಫ್ ತೆಗೆದೆ. ಹಿಮ ಬೀಳುತ್ತಿತ್ತು, ಹೆಂಗಸಿನ ಕೊಡೆಗೊಂದು ಅರ್ಥ ಬಂದಿತ್ತು. ಮರುದಿನ ಬೆಳಿಗ್ಗೆ ಬಂದು ಸೈನ್ ಹಾಕುವೆನೆಂದು ಓಕಾ ಫೋನಿನಲ್ಲಿ ಹೇಳಿದರು. ಗಂಡನ ನಿದ್ದೆ ಕೆಡಿಸಿದ ಆ ಹಿಮ ಹೇಗಿದೆಯೆಂದು ಸೆವ್ರಿನ್ ಬಾಯಿಗೆ ನೋಡಬೇಕಿತ್ತು. ಅದಕ್ಕೆಂದು ಪೊರ್ಬುಗಳು ಹಾಳೆಯನ್ನು ಸುರುಳಿ ಸುತ್ತಿ ಮನೆಗೆ ತಂದರು, ಬೆಳಿಗ್ಗೆ ಒಯ್ದರಾಯಿತಲ್ಲ ಎಂದು.

ಆ ಬೆಳಿಗ್ಗೆ ಏನಾಯಿತೆಂದು ಲೋಕಕ್ಕೇ ಗೊತ್ತು. ನಾವು ಎದ್ದಾಗ ಇರಾಕಿನ ಟ್ಯಾಂಕುಗಳು ಊರೊಳಗೆ ಬಂದಾಗಿತ್ತು. ಮುದೀರ್ ಮೊದಲ ವಾರವೇ ಕಾರು ತುಂಬಿಕೊಂಡು ಜೋರ್ಡಾನಿಗೆ ಹೊರಟ. ಜಪಾನಿನವರನ್ನು ಬಾಗ್ದಾದಿಗೆ ಒಯ್ದು ಇಟ್ಟುಕೊಂಡಿದ್ದಾರೆ ಎಂಬ ಸುದ್ದಿ ಬಂತು, ಓಕಾ ಅವರೂ ಅದರಲ್ಲಿದ್ದಾರೋ ಇಲ್ಲವೋ ಎಂದು ಹೇಳುವವರಿರಲಿಲ್ಲ. ಶರತ್ಕಾಲದಲ್ಲಿ ಒಮ್ಮೆ ನಡೆದುಕೊಂಡೇ ಸಬ್ಹಾನಿಗೆ ಹೋಗಿ ನೋಡಿದೆವು. ಮಷೀನುಗಳನ್ನು ಬುಡಸಮೇತ ಕಿತ್ತು ಲಾರಿಯಲ್ಲಿ ಸಾಗಿಸಿದ್ದರು. ಫಿಲಂಗಳು ನೆಲದ ಮೇಲೆ ಬೂಟಿನ ಗುರುತು ಹೊತ್ತು ಬಿದ್ದಿದ್ದವು. ಪೊರ್ಬುಗಳು ತಮ್ಮ ಭೂತಗನ್ನಡಿಯೊಂದು ಸಿಕ್ಕಿದ್ದನ್ನು ಅಂಗಿಯಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡರು.

ಖೈತಾನಿನಿಂದ ನಮ್ಮವರು ಬಸ್ಸು ಬಸ್ಸಾಗಿ ಹೊರಟರು. ಸೆವ್ರಿನ್ ಬಾಯಿ ಹೊರಡಲಿಲ್ಲ. "ವಾರ್ಡಿನಲ್ಲಿ ಮಲಗಿದವರನ್ನು ಯಾರ ಕೈಲಿ ಕೊಟ್ಟು ಹೋಗುದು?" ಎಂದರು. ಅವರು ಹೊರಡದೆ ಪೊರ್ಬುಗಳು ಹೊರಡುವಂತಿಲ್ಲ. ನಾನು ಇವತ್ತು ನಾಳೆ ಎನ್ನುತ್ತ ಉಳಿದುಬಿಟ್ಟೆ. ಧೈರ್ಯವೆಂದು ಯಾರೂ ತಿಳಿಯಬಾರದು. ಆ ಮನೆಯ ಅನ್ನದ ಋಣ ಕಾಲನ್ನು ಕಟ್ಟಿತ್ತು, ಅಷ್ಟೇ. ಜನವರಿಯ ಹಾಳೆ ಊಟದ ಮೇಜಿನ ಮೇಲಿನ ಗೋಡೆಯಲ್ಲಿ ತೂಗುತ್ತಿತ್ತು. ಕರೆಂಟಿಲ್ಲದ ಸೆಕೆಯಲ್ಲಿ ಬರಿಯ ಗಂಜಿ ಉಣ್ಣುವಾಗ ಅದರ ಕಡೆ ನೋಡಿ ಸೆವ್ರಿನ್ ಬಾಯಿ, "ಈ ಹೆಂಗಸು ಇನ್ನೂ ಮನೆ ಮುಟ್ಲಿಲ್ಲ ನೋಡಿ" ಎನ್ನುತ್ತಿದ್ದರು.

ಚಳಿಗಾಲ ಬಂತು. ಒಂದು ಬೆಳಿಗ್ಗೆ ಇಬ್ಬರು ಸೈನಿಕರು ಮನೆ ಜಾಲಾಡಲು ಬಂದರು. ಒಬ್ಬ ಟಿವಿ ಎತ್ತಿಕೊಂಡ. ಪೊರ್ಬುಗಳು ವೈರನ್ನು ತಾವೇ ಬಿಚ್ಚಿಕೊಟ್ಟರು. ಇನ್ನೊಬ್ಬ ಚಿತ್ರದ ಮುಂದೆ ನಿಂತುಬಿಟ್ಟ. ಮೀಸೆ ಸರಿಯಾಗಿ ಬಲಿಯದ ಮುಖ. "ಥಲ್ಜ್" ಎಂದ. ಅರಬ್ಬಿಯಲ್ಲಿ ಹಿಮಕ್ಕೂ ಮಂಜುಗಡ್ಡೆಗೂ ಅದೇ ಮಾತು. ತನ್ನ ಊರು ಉತ್ತರದ ಬೆಟ್ಟದಲ್ಲಿ, ಅಲ್ಲಿ ಈಗ ಇಷ್ಟು ಬಿದ್ದಿರುತ್ತದೆ ಎಂದು ಮೊಣಕಾಲು ಮುಟ್ಟಿ ತೋರಿಸಿದ. ಆಮೇಲೆ ಹಾಳೆಯ ಪಿನ್ನಿಗೆ ಕೈ ಹಾಕಿದ.

ಪೊರ್ಬುಗಳು ಅಡ್ಡ ನಿಂತರು.

"ಅದನ್ನು ಕೊಡೂಕಾಗುದಿಲ್ಲ ಅಂತ ಹೇಳು ಬಂಗೇರಾ. ಅದು ಪ್ರೂಫ್. ಇನ್ನೂ ಸೈನ್ ಆಗ್ಲಿಲ್ಲ."

ಬಂದೂಕು ಹಿಡಿದವನಿಗೆ ಪ್ರೂಫಿನ ನಿಯಮವನ್ನು ಯಾವ ಅರಬ್ಬಿಯಲ್ಲಿ ಹೇಳುವುದು? ನನ್ನ ಹರಕು ಭಾಷೆಯಲ್ಲಿ "ಹಾದಾ ಮೂ ಖಲಾಸ್" ಎಂದೆ, ಇದಿನ್ನೂ ಮುಗಿದಿಲ್ಲ ಎಂದು. ಅವನು ಚಿತ್ರವನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದ. ಇದರಲ್ಲಿ ಇನ್ನೇನು ಮುಗಿಯಬೇಕು ಎಂದು ಅವನಿಗೆ ಹೊಳೆಯಲಿಲ್ಲವೆಂದು ಕಾಣುತ್ತದೆ. ಪಿನ್ನಿನಿಂದ ಕೈ ತೆಗೆದ. ಸೆವ್ರಿನ್ ಬಾಯಿ ಒಂದು ಲೋಟ ಸಿಹಿ ಚಹಾ ತಂದು ಅವನ ಕೈಗಿತ್ತರು. ಅವನು ಹಿಮದ ಕಡೆ ಮುಖ ಮಾಡಿ ನಿಂತೇ ಅದನ್ನು ಕುಡಿದು ಹೋದ. ಅವನು ತಿರುಗಿ ತನ್ನ ಬೆಟ್ಟ ಸೇರಿದನೋ ಇಲ್ಲವೋ ಎಂದು ಈಗಲೂ ನೆನೆಯುತ್ತೇನೆ.

ಜನವರಿಯ ಹಾಳೆ ನಿಜವಾದ ಜನವರಿಯಲ್ಲಿ ತೂಗುತ್ತಿದ್ದಾಗ ಬಾಂಬುಗಳು ಬಿದ್ದವು. ಫೆಬ್ರವರಿ ಕಳೆಯುವಾಗ ಊರಿಗೆ ಬಿಡುಗಡೆಯಾಯಿತು. ಬೀದಿಯಲ್ಲಿ ಜನ ಕಾರಿನ ಮೇಲೆ ಹತ್ತಿ ಕುಣಿದರು, ನಾವೂ ಕುಣಿದೆವು. ಆದರೆ ಹೋಗುವವರು ಎಣ್ಣೆಬಾವಿಗಳಿಗೆ ಬೆಂಕಿಯಿಟ್ಟು ಹೋಗಿದ್ದರು. ತೆಂಕಣ ಗಾಳಿ ಬೀಸಿದ ದಿನ ನಡುಮಧ್ಯಾಹ್ನವೇ ಕಪ್ಪಾಗುತ್ತಿತ್ತು, ಕಾರುಗಳು ದೀಪ ಹೊತ್ತಿಸಿ ಹೋಗುತ್ತಿದ್ದವು. ಆಕಾಶದಿಂದ ಮಸಿ ಉದುರುತ್ತಿತ್ತು. ಒಮ್ಮೆ ತಾರಸಿಯಲ್ಲಿ ಸೆವ್ರಿನ್ ಬಾಯಿಯ ಬಿಳಿ ಯೂನಿಫಾರ್ಮ್ ಒಣಗಲು ಹಾಕಿದ್ದರು. ತೆಗೆಯಲು ಹೋದಾಗ ಅದರ ತುಂಬ ಕಪ್ಪು ಚುಕ್ಕೆಗಳು. ಪೊರ್ಬುಗಳು ಅದನ್ನು ಬೆಳಕಿಗೆ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು.

"ಇದಕ್ಕೆ ಎಂತ ಹೇಳುದು ಬಂಗೇರಾ? ಬಿಡುದೋ, ತೆಗಿಯುದೋ?"

ಅದೇ ವಾರ ಕಿಟಕಿ ತೆರೆದಿದ್ದಾಗ ಒಂದು ಮಸಿಯ ಚುಕ್ಕೆ ಹಾರಿಬಂದು ಹಾಳೆಯ ಮೇಲೆ ಕೂತಿತು. ಅದೂ ಎಲ್ಲಿ, ಸೇತುವೆಯ ಮೇಲಿನ ಅಚ್ಚ ಬಿಳಿ ಹಿಮದ ನಡುವೆ. ಪೊರ್ಬುಗಳು ಬ್ಲೇಡು ಹುಡುಕಿದರು. "ಮುಟ್ಟಬೇಡಿ, ಎಣ್ಣೆಮಸಿ ಅದು, ಹರಡ್ತದೆ" ಎಂದು ಸೆವ್ರಿನ್ ಬಾಯಿ ತಡೆದರು. ಅಂದಿನಿಂದ ಪೊರ್ಬುಗಳು ಉಣ್ಣುವಾಗ ಆ ಗೋಡೆಗೆ ಬೆನ್ನು ಹಾಕಿ ಕೂರತೊಡಗಿದರು. ಮುದೀರ್ ಇಲ್ಲ, ಪ್ರೆಸ್ಸಿಲ್ಲ, ಕೆಲಸದಿಂದ ತೆಗೆಯುತ್ತೇನೆ ಎನ್ನುವವರೇ ಇಲ್ಲ, ಇನ್ನೇನು ಚಿಂತೆ ಎಂದು ನಾನು ಸಮಾಧಾನ ಹೇಳಿದೆ. "ಆ ಮನುಷ್ಯ ಬಂದ್ರೆ?" ಎಂದಷ್ಟೇ ಕೇಳಿದರು. ಬರುತ್ತಾರೆಂದು ನನಗೆ ನಂಬಿಕೆ ಇರಲಿಲ್ಲ. ಅವರಿಗೆ ಇತ್ತು.

ಓಕಾ ಬಂದರು. ಬೆಂಕಿಗಳು ಒಂದೊಂದಾಗಿ ಆರುತ್ತಿದ್ದ ಕಾಲ, ಸೆಕೆ ಇಳಿದಿತ್ತು. ಆಸ್ಪತ್ರೆಗೆ ಹೊಸ ಎಸಿ ಹಾಕಿಸುವ ಮಾತಿಗೆ ಹೋದವರು ಅಲ್ಲಿ ಸೆವ್ರಿನ್ ಬಾಯಿಯ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ, ಸಾಲ್ವದೋರ್ ಫೆರ್ನಾಂಡಿಸ್ ಗೊತ್ತೇ ಎಂದು ವಿಚಾರಿಸಿದರಂತೆ. ಕುವೈತಿನಲ್ಲಿ ಫೆರ್ನಾಂಡಿಸರಿಗೇನು ಬರವೇ? ಆದರೂ ಸರಿಯಾದ ಫೆರ್ನಾಂಡಿಸರನ್ನೇ ಕೇಳಿದ್ದರು. ಸಂಜೆ ಬಾಯಿಯೇ ಅವರನ್ನು ಮನೆಗೆ ಕರೆತಂದರು. ಇನ್ನೂ ತೆಳ್ಳಗಾಗಿದ್ದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ಬಾಗ್ದಾದಿನ ಸೆರೆಯಲ್ಲಿ ಅವರೂ ಇದ್ದರೆಂದು ಬಾಯಿ ದಾರಿಯಲ್ಲೇ ತಿಳಿದುಕೊಂಡಿದ್ದರು. ಗೋಡೆಯ ಕಡೆ ತಿರುಗಿದವರು ಅಲ್ಲೇ ನಿಂತರು.

ಪೊರ್ಬುಗಳು ಹಾಳೆಯನ್ನು ಬಿಚ್ಚಿ ಮೇಜಿನ ಮೇಲೆ ಹಾಸಿದರು. ಜೇಬಿನಿಂದ ಭೂತಗನ್ನಡಿ ತೆಗೆದು ಕೊಟ್ಟರು. ಓಕಾ ಆಕಾಶದಿಂದ ಶುರುಮಾಡಿ, ಒಂದೊಂದೇ ಚುಕ್ಕೆಯ ಮೇಲೆ ಗಾಜು ಸರಿಸುತ್ತ ಕೆಳಗಿಳಿದರು. ಸೇತುವೆಯ ಮೇಲೆ ಬಂದಾಗ ಗಾಜು ನಿಂತಿತು.

"ಇದು?"

ಪೊರ್ಬುಗಳಿಗೆ ಬರುತ್ತಿದ್ದ ಅರೆಬರೆ ಇಂಗ್ಲಿಷೂ ಮರೆತುಹೋಯಿತು. "ಸರ್, ಅದು ನನ್ನದಲ್ಲ ಸರ್. ಅದು ಕುವೈತಿನದ್ದು. ಕಿಟಕಿಯಿಂದ ಬಂತು" ಎಂದು ಕನ್ನಡದಲ್ಲೇ ಹೇಳಿ, ಹರಡಿದರೆ ಹರಡಲಿ ಎಂಬಂತೆ ಬ್ಲೇಡು ತೆಗೆದು ಚುಕ್ಕೆಯತ್ತ ಬಗ್ಗಿದರು. ನಾನು ಭಾಷಾಂತರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಓಕಾ ಪೊರ್ಬುಗಳ ಮಣಿಕಟ್ಟನ್ನು ಮೆಲ್ಲಗೆ ಹಿಡಿದರು.

"ಬಿಡಿ" ಎಂದರು.

ಆಮೇಲೆ ಕೋಟಿನಿಂದ ಪೆನ್ನು ತೆಗೆದು, ಹಾಳೆಯ ಅಂಚಿನಲ್ಲಿ ಓಕೆ ಎಂದು ಬರೆದು, ಅದರ ಕೆಳಗೆ ತಮ್ಮ ಹೆಸರು ಹಾಕಿದರು. ಕ್ಯಾಲೆಂಡರಿನ ಆ ವರ್ಷ ಮುಗಿಯುತ್ತ ಬಂದಿತ್ತು. ಪೊರ್ಬುಗಳು ಹಾಳೆಯನ್ನೂ ನೋಡದೆ ಅವರನ್ನೂ ನೋಡದೆ ಬ್ಲೇಡನ್ನು ಕಾಗದದಲ್ಲಿ ಸುತ್ತಲು ಒದ್ದಾಡುತ್ತಿದ್ದರು. ಒಳಗೆ ಮೀನು ಹುರಿಯುತ್ತಿದ್ದ ಸೆವ್ರಿನ್ ಬಾಯಿ ಅಲ್ಲಿಂದಲೇ ಕೂಗಿದರು.

"ಎಂತ ಆಯ್ತು? ಪಾಸೋ ಫೇಲೋ?"

ನಾನೇ ಹೇಳಿದೆ, "ಪಾಸ್ ಬಾಯಿ. ಇನ್ನೊಂದು ತಟ್ಟೆ ಇಡಿ."